ಹಳೆ ಸೈಕಲ್ಲಿಗೆ ಹೊಸ ಬಣ್ಣ ಏಕೆ?

ಮಾನ್ಯರೇ,

ಕಲಬುರಗಿಯಲ್ಲಿ ಅಜ್ಜನ ಕಾಲದ ರ್‍ಯಾಲಿ, ಹರ್ಕ್ಯುಲಿಸ್, ಅಟ್ಲಾಸ್ ಸೈಕಲ್ ಹೊರತೆಗೆದು ಸಜ್ಜುಗೊಳಿಸುವವರಲ್ಲಿ ಒಂದು ವಿನಂತಿ: ಮೊದಲಿಗೇ ಪೇಂಟರ್ ಬಳಿ ಒಯ್ಯಬೇಡಿ. ಮಡ್‌ಗಾರ್ಡಿನ ಬಂಗಾರದ ಗೆರೆ ಒಮ್ಮೆ ಹೋದರೆ ಹೋದಂತೆಯೇ. ಎಣ್ಣೆ ಬಟ್ಟೆಯಿಂದ ಒರೆಸಿ ನೋಡಿ, ಅರ್ಧ ಹೊಳಪು ಅಲ್ಲೇ ಇರುತ್ತದೆ.

ಹೆಚ್ಚು ಕೆಡುವುದು ಕ್ರ್ಯಾಂಕನ್ನು (ಪೆಡಲ್ ಕೂರುವ ತೋಳು) ನಡುವಿನ ಅಚ್ಚಿಗೆ ಬಿಗಿದಿಡುವ ಕಾಟರ್ ಪಿನ್ ಬಿಚ್ಚುವಾಗ. ಆಸರೆಯಿಲ್ಲದೆ ಸುತ್ತಿಗೆ ಬಡಿದರೆ ಏಟು ಅಚ್ಚಿನ ಬಾಲ್ಸ್ (ಉಕ್ಕಿನ ಗುಂಡುಗಳು) ಕೂರುವ ಕಪ್ಪಿಗೆ ಬಿದ್ದು ಗುಳಿಯಾಗುತ್ತದೆ. ಕ್ರ್ಯಾಂಕಿನ ಕೆಳಗೆ ದಪ್ಪ ಕಬ್ಬಿಣದ ಪೈಪ್ ನೆಲಕ್ಕೂರಿ, ನಟ್ಟನ್ನು ಪಿನ್ನಿನ ತುದಿಗೆ ಸಮವಾಗಿಟ್ಟು, ಒಂದೇ ಗಟ್ಟಿ ಏಟು ಕೊಡಬೇಕು. ಮರಳಿ ಹಾಕುವಾಗ ಎರಡು ಪಿನ್ನುಗಳೂ ಎದುರುಬದುರು ದಿಕ್ಕಿಗಿರಲಿ. ಇಲ್ಲವಾದರೆ ಪೆಡಲ್‌ಗಳು ಒಂದೇ ಗೆರೆಗೆ ಬರುವುದಿಲ್ಲ. 20–30 ಕಿ.ಮೀ. ಓಡಿಸಿದ ಮೇಲೆ ನಟ್ಟನ್ನು ಮತ್ತೆ ಬಿಗಿಮಾಡಿ. ಬಲಗಡೆಯ ಕಪ್ಪಿಗೆ, ಎಡ ಪೆಡಲಿಗೆ ಉಲ್ಟಾ ಥ್ರೆಡ್ (ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು) ಎಂಬುದು ಮರೆತರೆ ಪಾನಾ ಹಿಡಿದವನ ಕೈಯೇ ಸೋಲುತ್ತದೆ. ಕಪ್ಪಿನೊಳಗೆ ಕಾಲಿಂಚಿನ ಬಾಲ್ಸ್, ಒಂದೊಂದು ಬದಿಗೆ 11.

ಚೈನಿನ 24 ಕೊಂಡಿ ಸೇರಿ 12 ಇಂಚು ಇರಬೇಕು. ಇಂಚಿನ ಎಂಟನೇ ಒಂದು ಪಾಲು ಉದ್ದವಾಗಿದ್ದರೆ ಬದಲಿಸಿ.

ತಂತಿಯ ಬದಲು ಸರಳಿನಿಂದ ಎಳೆಯುವ ರಾಡ್ ಬ್ರೇಕಿನ ರಬ್ಬರ್ ಒತ್ತುವುದು ರಿಮ್ಮಿನ ಒಳಮೈಗೆ. ಚೆಂದಕ್ಕೆಂದು ಈಗಿನ ರಿಮ್ ಹಾಕಿಸಿದರೆ ಬ್ರೇಕ್ ಕೂರುವುದಿಲ್ಲ. ಆಳಂದ ರಸ್ತೆಯ ಲಾರಿಗಳ ನಡುವೆ ಅದು ಅಭಿರುಚಿಯ ಮಾತಲ್ಲ. ನಮ್ಮ ಮೇ ಬಿಸಿಲಲ್ಲಿ ನಿಲ್ಲಿಸಿದರೆ ಟೈರಿನ ಬದಿ ಬಿರಿಯುತ್ತದೆ, ನೆರಳು ಹುಡುಕಿ.

ಚರ್ಮದ ಸೀಟು ಬೇಕೋ ಮೆತ್ತನೆಯದೋ, ಅದು ಅವರವರ ಸೊಂಟಕ್ಕೆ ಬಿಟ್ಟದ್ದು.

– ಹಳೆ ಸೈಕಲ್ ಆಸಕ್ತರು, ಕಲಬುರಗಿ