ತರು ಅಂದರೆ ಮರ

ಪ್ರೀತಿಯ ಮಗಳೇ,

ನಿನ್ನ ಕತೆ, ಅದರ ಜೊತೆಗಿಟ್ಟ ಲೇಖನ ಎರಡೂ ತಲುಪಿದವು. ಲೇಖನ ಮೊದಲು ಓದಿದೆ. ಮೊದಲ ಸಾಲಿನಲ್ಲೇ ಕಾಲು ತಡೆಯಿತು. ‘ಭಾಷೆಯು ಸಂವಹನದ ಪ್ರಮುಖ ಮಾಧ್ಯಮವಾಗಿದೆ’ ಅಂತ ಬರೆದಿದ್ದೀಯ. ತಪ್ಪೇನಿಲ್ಲ. ಆದರೆ ಇದು ನಿನ್ನ ಮಾತಲ್ಲ, ಅಲ್ವಾ? ಯಾವುದೋ ಗೈಡಿನಿಂದ ಎದ್ದು ಬಂದು ನಿನ್ನ ಹಾಳೆಯ ಮೇಲೆ ಕೂತಿದೆ. ಕತೆಯಲ್ಲಿ ನಿಮ್ಮವ್ವ ಒಲೆ ಮುಂದೆ ಕೂತು ಒಂದು ಮಾತು ಆಡುತ್ತಾರಲ್ಲ, ಅದರಲ್ಲಿರೋ ಜೀವ ಇಡೀ ಲೇಖನದಲ್ಲಿ ಹುಡುಕಿದರೂ ಸಿಗಲಿಲ್ಲ.

ಭಾಷೆ ಯಾಕೆ ಮುಖ್ಯ ಅಂತ ಕೇಳಿದ್ದೀಯ. ನನಗೆ ಅದು ಗೊತ್ತಾಗಿದ್ದು ಒಂದು ಹುಣಸೆ ಮರದಿಂದ.

ನಮ್ಮಪ್ಪ ದಸ್ತಾವೇಜು ಬರೆಯುತ್ತಿದ್ದರು. ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು ಹೊಂಗೆ ಮರದ ನೆರಳಲ್ಲಿ ಒಂದು ಇಳಿಜಾರು ಡೆಸ್ಕು, ಚಾಪೆ, ಛಾಪಾ ಕಾಗದದ ಕಟ್ಟು, ಹೆಬ್ಬೆಟ್ಟಿಗೆ ಮಸಿ ಪ್ಯಾಡು. ರಜೆ ಬಂದರೆ ನಾನೂ ಹೋಗಿ ಕೂರುತ್ತಿದ್ದೆ. 1974ರ ಬೇಸಿಗೆ ಅಂತ ನೆನಪು. ಒಬ್ಬರು ಅಜ್ಜಿ ಒಂದೆಕರೆ ಹೊಲ ಮಾರೋಕೆ ಬಂದರು. (‘ಬಂದಳು’ ಅಂತ ಬರೆದು ಹೊಡೆದುಹಾಕಿರೋದು ನಿನಗೆ ಕಾಣುತ್ತೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.) ಅಪ್ಪ ಕ್ರಯಪತ್ರ ಬರೆದು, ರಿವಾಜಿನ ಪ್ರಕಾರ ಪೂರ್ತಿ ಗಟ್ಟಿಯಾಗಿ ಓದಿ ಹೇಳಿದರು. ಚಕ್ಕುಬಂದಿ, ಅಂದರೆ ಹೊಲದ ನಾಲ್ಕು ಗಡಿ, ಬಂದಾಗ ಅಜ್ಜಿ ಕಿವಿ ನಿಮಿರಿಸಿ ಕೇಳಿದರು. ‘ಪಡುವಲಿಗೆ ಹಳ್ಳ, ಹೌದು. ತೆಂಕಲಿಗೆ ದಾಯಾದಿ ಹೊಲ, ಹೌದು.’ ಆಮೇಲೆ ಅಪ್ಪ ‘ನಿಧಿ ನಿಕ್ಷೇಪ ಜಲ ತರು ಪಾಷಾಣ ಅಕ್ಷೀಣ ಆಗಾಮಿ ಸಿದ್ಧ ಸಾಧ್ಯಂಗಳೆಂಬ ಅಷ್ಟಭೋಗ ತೇಜಸ್ವಾಮ್ಯ ಸಹಿತ’ ಅಂತ ಒಂದೇ ಉಸಿರಲ್ಲಿ ಓದಿದರು. ಅಜ್ಜಿ ದೇವಸ್ಥಾನದಲ್ಲಿ ಮಂತ್ರ ಕೇಳಿದ ಹಾಗೆ ಕೈ ಮುಗಿದುಕೊಂಡು ಕೇಳಿದರು. ಹೆಬ್ಬೆಟ್ಟು ಒತ್ತಿದರು. ದುಡ್ಡು ಎಣಿಸಿ ಸೆರಗಿಗೆ ಕಟ್ಟಿಕೊಂಡರು.

ಮಾರನೇ ವರ್ಷ ಹುಣಸೆ ಬಡಿಯೋ ಕಾಲಕ್ಕೆ ಅದೇ ಅಜ್ಜಿ ಅಪ್ಪನ ಡೆಸ್ಕಿನ ಮುಂದೆ ಬಂದು ನಿಂತರು. ‘ಮರದ ಹತ್ರ ಹೋದ್ರೆ ಓಡಿಸ್ತಾರೆ ಕಣಪ್ಪ. ನಾನು ನೆಲ ಮಾರಿದ್ದು. ಮರ ಮಾರ್ಲಿಲ್ಲ.’

ಅಪ್ಪ ನಕಲು ತೆಗೆದು ‘ತರು’ ಅನ್ನೋ ಕಡೆ ಬೆರಳಿಟ್ಟು ತೋರಿಸಿದರು. ‘ತರು ಅಂದರೆ ಮರ ಕಣಮ್ಮ. ಓದಿ ಹೇಳಿದ್ದೆನಲ್ಲ.’ ಅಜ್ಜಿ ಆ ಎರಡಕ್ಷರವನ್ನು ಸುಮಾರು ಹೊತ್ತು ನೋಡಿದರು. ಓದಲು ಬರುತ್ತಿರಲಿಲ್ಲ, ಆದರೂ ನೋಡಿದರು. ‘ಮರ ಅಂತ ಅಂದಿದ್ರೆ ಅಲ್ಲೇ ತಡೀತಿದ್ನಲ್ಲಪ್ಪ’ ಅಂದು ಹೊರಟುಹೋದರು.

ಬೇರೆಯಾಗಿ ಬರೆದು ಉಳಿಸಿಕೊಳ್ಳದಿದ್ದರೆ ನೆಲದ ಜೊತೆ ಮರವೂ ಹೋಗುತ್ತೆ, ಕಾನೂನು ಇರೋದೇ ಹಾಗೆ ಅಂತ ಆಮೇಲೆ ತಿಳಿಯಿತು. ಅಪ್ಪ ಮೋಸ ಮಾಡಿರಲಿಲ್ಲ. ಅವರ ಗುರುಗಳು ಕಲಿಸಿದ ಒಕ್ಕಣೆಯನ್ನು ಹಾಗೇ ಇಳಿಸಿದ್ದರು, ಅಷ್ಟೆ. ಆ ಒಕ್ಕಣೆಗೆ ವಯಸ್ಸೂ ಜಾಸ್ತಿ. ವಿಜಯನಗರದ ಕಾಲದ ದಾನಶಾಸನಗಳಲ್ಲೂ ಇದೇ ಅಷ್ಟಭೋಗದ, ಅಂದರೆ ನೆಲದ ಜೊತೆ ಹೋಗೋ ಎಂಟು ಹಕ್ಕುಗಳ, ಪಟ್ಟಿ ಇದೆ. (ಅಪ್ಪನ ಪಟ್ಟಿಯಲ್ಲಿ ಎಣಿಸಿದರೆ ಒಂಬತ್ತಾಗುತ್ತೆ. ಅಷ್ಟ ಅನ್ನೋದು ಮಾತ್ರ ಬದಲಾಗಲಿಲ್ಲ. ಇದನ್ನು ಯಾರೂ ಎಣಿಸಿ ನೋಡುತ್ತಿರಲಿಲ್ಲ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು?)

ಇದನ್ನು ಇಷ್ಟುದ್ದ ಬರೆದಿದ್ದು ಸುಮ್ನೆ ಅಲ್ಲ. ನಿನ್ನ ಲೇಖನದ ತುಂಬ ಇಂಗ್ಲಿಷ್ ಬಂದು ಕನ್ನಡಕ್ಕೆ ಏಟು ಬಿತ್ತು ಅನ್ನೋ ಅಳಲಿದೆ. ಇರಲಿ. ಆದರೆ ಅಜ್ಜಿಯ ಮರ ಹೋಗಿದ್ದು ಕನ್ನಡದ ಕಾಗದದಲ್ಲಿ. 1963ರಲ್ಲೇ ಕನ್ನಡ ಆಡಳಿತ ಭಾಷೆ ಅಂತ ಕಾಯ್ದೆ ಆಗಿತ್ತು. ಲಿಪಿ ಕನ್ನಡ, ಬರೆದವರು ಕನ್ನಡದವರು, ಕೇಳಿಸಿಕೊಂಡವರೂ ಕನ್ನಡದವರೇ. ಯಾರ ಕನ್ನಡ ಅನ್ನೋದನ್ನು ಮಾತ್ರ ಯಾರೂ ಕೇಳಲಿಲ್ಲ.

ನೀನು ಅತಿಥಿ ಶಿಕ್ಷಕಿ ಅಂತ ಬರೆದಿದ್ದೀಯ. ಹಾಗಾದರೆ ಇದು ನಿನಗೆ ದಿನಾ ಕಾಣೋ ವಿಷಯ. ಒಮ್ಮೆ ನಮ್ಮ ಪಕ್ಕದ ಊರಿನ ಶಾಲೆಯಲ್ಲಿ ಮಕ್ಕಳಿಗೆ ಕತೆ ಹೇಳೋಕೆ ಹೋಗಿದ್ದೆ. ಹಿಂದಿನ ಪಾಠದ ‘ಬಾಷ್ಪೀಕರಣ’ ಇನ್ನೂ ಬೋರ್ಡಿನ ಮೇಲಿತ್ತು. ಹಾಗಂದರೇನು ಅಂತ ಕೇಳಿದೆ. ಒಂದಿಡೀ ಬೆಂಚು ಒಟ್ಟಿಗೆ ಎದ್ದು ವ್ಯಾಖ್ಯೆ ಒಪ್ಪಿಸಿತು. ಬಾಯಿಪಾಠ. ಅದನ್ನು ಬಿಟ್ಟು, ‘ಅಂಗಳಕ್ಕೆ ನೀರು ಹಾಕಿದರೆ ಏನಾಗುತ್ತೆ?’ ಅಂದೆ. ‘ಇಂಗುತ್ತೆ ಸಾರ್.’ ‘ಒದ್ದೆ ಬಟ್ಟೆ?’ ‘ಆರುತ್ತೆ.’ ‘ಕೆರೆ?’ ‘ಬತ್ತುತ್ತೆ.’ ಒಬ್ಬ ಹುಡುಗನನ್ನು ಹಿಡಿದು ಕೇಳಿದೆ, ‘ಬಟ್ಟೆ ಇಂಗುತ್ತೆ ಅಂತ ಯಾಕೆ ಅನ್ನಲ್ಲ?’ ಅವನು ನನ್ನನ್ನೇ ಅಯ್ಯೋ ಪಾಪ ಅನ್ನೋ ಹಾಗೆ ನೋಡಿದ. ‘ಇಂಗೋದು ಕೆಳಕ್ಕೆ ಸಾರ್. ಬಟ್ಟೆ ನೀರು ಕೆಳಕ್ಕೆ ಹೋಗಲ್ಲ, ಗಾಳಿಗೆ ಹೋಗುತ್ತೆ.’

ನೋಡು, ಪಾಠ ಮುಗಿಯಿತು. ನೀರು ಎತ್ತ ಹೋಯಿತು ಅನ್ನೋ ಲೆಕ್ಕವನ್ನು ಮೂರು ಪುಟ್ಟ ಕ್ರಿಯಾಪದಗಳು ಆ ಹುಡುಗನ ತಲೆಯಲ್ಲಿ ಆಗಲೇ ಇಟ್ಟಿದ್ದವು. ಇಂಗಿದರೆ ನೆಲಕ್ಕೆ, ಆರಿದರೆ ಗಾಳಿಗೆ. ಎಲ್ಲಿಗಾದರೂ ಹೋಗಲಿ, ಖಾಲಿಯಾಯಿತು ಅಂದರೆ ಬತ್ತಿತು. ಬೋರ್ಡಿನ ಮೇಲಿನ ಪದಕ್ಕೂ ಇವಕ್ಕೂ ನಂಟಿದೆ ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದೊಡ್ಡ ಪದ ಬೇಡ ಅಂತ ನಾನು ಅನ್ನುತ್ತಿಲ್ಲ. ಮುಂದೆ ಬೇಕಾಗುತ್ತೆ. ಆದರೆ ಹೊಸ್ತಿಲು ದಾಟಿ ತಾನೇ ನಡುಮನೆಗೆ ಹೋಗೋದು? ಮಳೆ ನೀರು ಹಿಡಿಯೋ ಗುಂಡಿಗೆ ‘ಇಂಗುಗುಂಡಿ’ ಅಂತ ಹೆಸರಿಟ್ಟವರು ಯಾರೋ ನನಗೆ ಗೊತ್ತಿಲ್ಲ. ಅವರಿಗೆ ಒಂದು ನಮಸ್ಕಾರ. ಹೆಸರು ಕೇಳಿದರೆ ಸಾಕು, ಆ ಗುಂಡಿ ಏನು ಮಾಡುತ್ತೆ ಅಂತ ಗೊತ್ತಾಗಿಬಿಡುತ್ತೆ.

ಮಾತಿಲ್ಲದೆ ಯೋಚನೆಯೇ ಇಲ್ಲ ಅಂತ ಕೆಲವರು ಬರೆಯುತ್ತಾರೆ. ಅದನ್ನು ಪೂರ್ತಿ ನಂಬಬೇಡ. ಗಾರೆ ಕೆಲಸದವರು ಕಣ್ಣಳತೆಯಲ್ಲೇ ಗೋಡೆ ಸೊಟ್ಟ ಇದೆ ಅಂತ ಹಿಡಿಯುತ್ತಾರೆ, ಅಲ್ಲಿ ಮಾತೆಲ್ಲಿದೆ? ಆದರೆ ಹೊಳೆದದ್ದನ್ನು ಹಿಡಿದಿಟ್ಟುಕೊಂಡು ಇನ್ನೊಬ್ಬರ ಕೈಗೆ ದಾಟಿಸಬೇಕು ಅಂದರೆ ಮಾತು ಬೇಕೇ ಬೇಕು.

ಮಾಧ್ಯಮದ ಜಗಳದ ಬಗ್ಗೆ ಜಾಸ್ತಿ ಬರೆಯೋಲ್ಲ. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕು ಅಂತ ನಡೆದ 1982ರ ಗೋಕಾಕ್ ಚಳವಳಿಯಲ್ಲಿ ನಾನೂ ಮೆರವಣಿಗೆ ಹೋಗಿ ಗಂಟಲು ಕಟ್ಟಿಸಿಕೊಂಡವನೇ. 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಅಂದಿತು. 2019ರಲ್ಲಿ ಸರ್ಕಾರವೇ ತನ್ನ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ಬಾಗಿಲು ತೆರೆಯಿತು. ಮಕ್ಕಳನ್ನು ಅಲ್ಲಿಗೆ ಕಳಿಸೋ ಅಪ್ಪ ಅಮ್ಮಂದಿರನ್ನು ಬೈಯಬೇಡ, ಅವರಿಗೆ ಹೊಟ್ಟೆಪಾಡಿನ ಲೆಕ್ಕ ಗೊತ್ತು. ಇನ್ನೊಂದು, ನಿನ್ನ ತರಗತಿಯಲ್ಲಿ ಲಂಬಾಣಿ ತಾಂಡಾದ ಮಕ್ಕಳಿದ್ದಾರೆ ಅಂದೆಯಲ್ಲ, ಅವರಿಗೆ ಕನ್ನಡವೇ ಎರಡನೇ ಭಾಷೆ. ನಮ್ಮ ರಾಜ್ಯದಲ್ಲಿ ತುಳು, ಕೊಂಕಣಿ, ಉರ್ದು, ಕೊಡವ, ತೆಲುಗು ಮಾತಾಡೋ ಮನೆಗಳು ಎಷ್ಟಿಲ್ಲ! ಮಾತೃಭಾಷೆ ಅಂತ ಬರೆಯೋವಾಗೆಲ್ಲ ‘ಯಾವ ತಾಯಿ?’ ಅಂತ ಒಮ್ಮೆ ಕೇಳಿಕೊಂಡು ಮುಂದಕ್ಕೆ ಹೋಗು.

ಈಗ ಆ ಹೊಡೆದುಹಾಕಿದ ‘ಬಂದಳು’ ವಿಷಯ. ನಾಳೆ ಪೇಪರ್ ಬಂದಾಗ ಒಂದು ಕೆಲಸ ಮಾಡು. ಸಾವಿನ ಸುದ್ದಿಗಳ ಕ್ರಿಯಾಪದಕ್ಕೆ ಮಾತ್ರ ಗೆರೆ ಎಳೆಯುತ್ತಾ ಹೋಗು. ಉದ್ಯಮಿ ‘ನಿಧನರಾದರು’. ನಿವೃತ್ತ ಅಧಿಕಾರಿ ‘ಮೃತಪಟ್ಟಿದ್ದಾರೆ’. ಗೋಡೆ ಕುಸಿದು ಸತ್ತ ಕೂಲಿಯವರು? ಎಷ್ಟೋ ಸಲ ‘ಮೃತಪಟ್ಟಿದ್ದಾನೆ’. ಬರೆದವರಿಗೆ ಕೂಲಿಯವರ ಮೇಲೆ ಏನೂ ದ್ವೇಷ ಇರೋಲ್ಲ. ಕೈ ತಾನಾಗೇ ಹಾಗೆ ಓಡುತ್ತೆ. ನನ್ನ ಕೈಯೂ ಓಡಿತು ನೋಡು, ಐವತ್ತು ವರ್ಷ ಆದ ಮೇಲೂ. ಊರಲ್ಲಿ ಜಾತಿ ಹೇಗೆ ನಡೆಯುತ್ತೆ ಅಂತ ಕೇಳಿದರೆ ನಾನು ಪುಸ್ತಕ ತೋರಿಸೋಲ್ಲ. ಹತ್ತು ವರ್ಷದ ಹುಡುಗ ಎಪ್ಪತ್ತು ವರ್ಷದವರನ್ನು ‘ಲೋ, ಬಾರೋ’ ಅನ್ನೋದನ್ನು ಚಹಾ ಅಂಗಡಿ ಮುಂದೆ ನಿಂತು ಕೇಳಿಸಿಕೋ ಅನ್ನುತ್ತೇನೆ. ಆ ‘ಲೋ’ ಕಲಿಸೋಕೆ ಯಾರೂ ಶಾಲೆ ತೆರೆದಿಲ್ಲ.

ಕನ್ನಡದ ಮೇಲಿನ ಅಭಿಮಾನಕ್ಕೂ ಯಾರ ಕನ್ನಡ ಅನ್ನೋ ಈ ಪ್ರಶ್ನೆ ಒಮ್ಮೆ ಎದುರಾಗಿತ್ತು. 1973ರಲ್ಲಿ ಮೈಸೂರಿನಲ್ಲಿ ದಲಿತ ನಾಯಕ, ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ದನದ ಮೇವಿನ ಒಂದು ಪದಕ್ಕೆ ರಾಜ್ಯವೇ ಹೊತ್ತಿಕೊಂಡಿತು, ಅವರ ಮಂತ್ರಿಗಿರಿ ಹೋಯಿತು. ಆಗ ನಾನು ಹುಡುಗ. ನನಗೂ ಸಿಟ್ಟು ಬಂದಿತ್ತು. ಇದರಲ್ಲಿ ನಮ್ಮ ಮಾತೆಲ್ಲಿದೆ ಅಂತ ಅವರು ಕೇಳುತ್ತಿದ್ದಾರೆ ಅನ್ನೋದು ತಲೆಗೆ ಹೋಗೋಕೆ ಬಹಳ ವರ್ಷ ಬೇಕಾಯಿತು.

ಇನ್ನು ನಿನ್ನ ಕತೆ. ಪುಟ 4ರಲ್ಲಿ ಅವ್ವ ‘ನನ್ನ ಮನಸ್ಸು ವೇದನೆಯಿಂದ ತುಂಬಿದೆ’ ಅನ್ನುತ್ತಾರೆ. ಯಾವ ಅವ್ವ ಹಾಗಂದಾರು? ಪುಟ 2ರಲ್ಲಿ ಅದೇ ಅವ್ವ ‘ಹೊಟ್ಯಾಗ ಸಂಕಟ ಆಗ್ತೈತಿ’ ಅಂದಿದ್ದರಲ್ಲ, ಅದನ್ನೇ ನಂಬು. ನಿಮ್ಮ ಕಡೆಯ ಮಾತು ನಮ್ಮ ಕಡೆಯವರಿಗೆ ಅರ್ಥವಾಗೋಲ್ಲ ಅಂತ ಹೆದರಬೇಡ. ನಾನು ತುಮಕೂರಿನವನು, ನಾಲ್ಕು ಕಡೆ ತಡವರಿಸಿದೆ, ಎರಡನೇ ಸಲ ಓದಿದೆ, ತಿಳಿಯಿತು. ಆಮೇಲೆ, ಜೀತದಾಳಿಗೆ ನಿರೂಪಣೆಯಲ್ಲಿ ‘ಬಂದನು, ಹೋದನು’, ಗೌಡರಿಗೆ ‘ಬಂದರು, ಹೋದರು’ ಅಂತ ಹಾಕಿದ್ದೀಯ. ಬೇಕು ಅಂತಲೇ ಹಾಕಿದ್ದರೆ ಸರಿ. ಕೈ ತಾನಾಗೇ ಓಡಿದ್ದರೆ ಕೂತು ಯೋಚನೆ ಮಾಡು. ಹೀಗೇ ಬರಿ ಅಂತ ನಾನು ಹೇಳೋಲ್ಲ, ಕತೆ ನಿನ್ನದು.

ಕೊನೆಗೆ ಒಂದು ಕೆಲಸ ಹೇಳುತ್ತೇನೆ, ನನಗೋಸ್ಕರ. ಒಲೆ ಮೇಲಿನ ಸಾರು ಕುದ್ದು ಕುದ್ದು ಕಡಿಮೆಯಾದರೆ ನಮ್ಮ ಕಡೆ ‘ಬತ್ತಿತು’ ಅನ್ನುತ್ತಾರೆ. ನಿಮ್ಮವ್ವ ಏನನ್ನುತ್ತಾರೆ ಕೇಳು. ನಿನ್ನ ತರಗತಿಯ ತಾಂಡಾದ ಮಗುವೊಂದರ ಅಮ್ಮನನ್ನೂ ಕೇಳು. ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಮುಂದಿನ ಪತ್ರದ ಜೊತೆ ಇಡು.

ನಿನ್ನ ಹಿತೈಷಿ