ಆ ಎರಡು ತಗ್ಗು

ಚಿ. ಪುಟ್ಟಿಗೆ ಚಿಕ್ಕಪ್ಪನ ಆಶೀರ್ವಾದಗಳು.

ಮನೆಯ ಸುದ್ದಿ ಎಲ್ಲ ಅಣ್ಣ ಫೋನಿನಲ್ಲಿ ಹೇಳಿದ್ದಾನೆ, ನಾನು ಮತ್ತೆ ಬರೆಯುವುದಿಲ್ಲ. ಆ ಹಳೇ ಡ್ರಮ್ಮು ನಿನ್ನ ಕೈಗೆ ಹೇಗೆ ಬಂತು ಅನ್ನುವುದೂ ಗೊತ್ತಿದೆ.

ನೀನು ನಾಲ್ಕು ಪುಟ ಬರೆದಿದ್ದೀಯ. ಬಣ್ಣ, ತುಕ್ಕು, ಹರಿದ ಚರ್ಮ, ಬಿರುಕು ಬಿಟ್ಟ ಮರದ ಬಳೆ ಎಲ್ಲ ಇದೆ. ನಾನು ಸಿಕ್ಕಿಕೊಂಡಿದ್ದು ಮೂರನೇ ಪುಟದ ಕೊನೆಯಲ್ಲಿ. "ಚಂದ ಮಾಡೋಕೆ ಹೋಗಿ ಅದರ ದನಿಯೇ ಹೋಗಿಬಿಟ್ಟರೆ ಚಿಕ್ಕಪ್ಪಾ?" ಅಂತ ಕೇಳಿದ್ದೀಯ. ಅದರ ಮುಂದಿನ ಸಾಲಿನಲ್ಲೇ, "ಕೆಳಗಿನ ಅಂಚು ಎರಡು ಕಡೆ ಸವೆದು ತಗ್ಗಾಗಿದೆ, ಮೊದಲು ಅದನ್ನು ಉಜ್ಜಿ ಸಮ ಮಾಡ್ತೀನಿ" ಅಂತಲೂ ಬರೆದಿದ್ದೀಯ. ಹೆದರಿಕೆಯನ್ನೂ ಬರೆದು, ಅದು ನಿಜ ಆಗುವ ದಾರಿಯನ್ನೂ ಪಕ್ಕದಲ್ಲೇ ಬರೆದುಬಿಟ್ಟೆ. ಓದಿದ ಮೇಲೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಆ ತಗ್ಗನ್ನು ಮುಟ್ಟಬೇಡ. ಉಳಿದದ್ದನ್ನು ಆಮೇಲೆ ಓದಿದರೂ ಪರವಾಗಿಲ್ಲ.

ಅದು ಸವೆತ ಅಲ್ಲ ಮಗಾ. ಮಾಡಿದವನು ಬೇಕಂತಲೇ ಕೆತ್ತಿದ ತಗ್ಗು. ಡ್ರಮ್ಮನ್ನು ತಲೆಕೆಳಗು ಮಾಡಿ ನೋಡು. ಎರಡು ತಗ್ಗೂ ಎದುರುಬದುರಾಗಿರುತ್ತವೆ. ತಂತಿ ಬಿಗಿ ಮಾಡುವ ಲಿವರ್ ಇರುವ ಕಡೆ ಒಂದು, ತಂತಿಯ ಇನ್ನೊಂದು ತುದಿ ಕಟ್ಟುವ ಕಡೆ ಒಂದು. ಸವೆತಕ್ಕೆ ಅಷ್ಟು ಲೆಕ್ಕಾಚಾರ ಎಲ್ಲಿಂದ ಬರಬೇಕು? ಸ್ನೇರ್ ಅಂತ ಕರೆಯುವ ಆ ತಂತಿ ಕೆಳಗಿನ ಚರ್ಮಕ್ಕೆ ಒರಗಿಕೊಂಡು ಈ ಅಂಚಿನಿಂದ ಆ ಅಂಚಿಗೆ ಹೋಗುತ್ತದೆ. ಅದು ಅಂಚು ದಾಟುವ ಜಾಗದಲ್ಲಿ ಮರ ಒಂಚೂರು ತಗ್ಗಿದ್ದರೆ ಅಲ್ಲಿ ಚರ್ಮವೂ ತಗ್ಗುತ್ತದೆ. ಆಗ ತಂತಿ ಉದ್ದಕ್ಕೂ ಚರ್ಮಕ್ಕೆ ಮೈ ತಾಗಿಸಿ ಕೂರುತ್ತದೆ. ಮೇಲೆ ಮೆಲ್ಲಗೆ ತಟ್ಟಿದರೂ ಕೆಳಗೆ 'ಜರ್ರ್' ಅನ್ನುವುದು ಅದರಿಂದಲೇ. ಹಳೆಯ ಡ್ರಮ್ಮುಗಳಿಗೆ ಕರುಳಿನ ತಂತಿ ಹಾಕುತ್ತಿದ್ದರು. ಅದು ದಪ್ಪ. ಅದಕ್ಕೆ ತಗ್ಗನ್ನೂ ಜಾಸ್ತಿ ಕೊಡುತ್ತಿದ್ದರು. ನಿನ್ನದರಲ್ಲಿ ಕಣ್ಣಿಗೆ ಕಾಣುವಷ್ಟಿದೆ ಅಂದರೆ ಅದೂ ಆ ಕಾಲದ್ದೇ ಇರಬೇಕು.

ಇಷ್ಟೆಲ್ಲ ನನಗೆ ಹೇಗೆ ಗೊತ್ತು ಅಂತ ನೀನು ಕೇಳುವುದಿಲ್ಲ. ಚಿಕ್ಕಪ್ಪ ಬ್ಯಾಂಡಿನಲ್ಲಿ ಬಾರಿಸುತ್ತಿದ್ದ, ಗೊತ್ತಿರುತ್ತೆ ಬಿಡು ಅಂದುಕೊಳ್ಳುತ್ತೀಯ. ಬಾರಿಸುವಾಗ ನನಗೆ ಏನೂ ಗೊತ್ತಿರಲಿಲ್ಲ.

ನನ್ನ ಮಂಚದ ಕೆಳಗಿರುವ ಡ್ರಮ್ಮು ನಿನಗೆ ಗೊತ್ತಲ್ಲ, ಬ್ಯಾಂಡ್ ಮೇಷ್ಟ್ರು ನನಗೆ ಕೊಟ್ಟಿದ್ದು. ಮೆಚ್ಚಿ ಕೊಟ್ಟ ಬಹುಮಾನ ಅಂತ ಮನೆಯಲ್ಲಿ ಎಲ್ಲರೂ ನಂಬಿದ್ದಾರೆ. ನಾನೇ ನಂಬಿಸಿದ್ದು. ಅದು ಅವರದೇ ಡ್ರಮ್ಮು, 14 ಇಂಚು ಅಗಲ, 12 ಇಂಚು ಎತ್ತರ. ನನಗೆ ಆಗ ಹತ್ತೊಂಬತ್ತು. "ಸ್ವಲ್ಪ ಒರೆಸಿ, ಪಾಲಿಶ್ ಹಚ್ಚಿ ತಗೊಂಡು ಬಾ" ಅಂತ ಕೊಟ್ಟರು. ಅಷ್ಟೇ ಹೇಳಿದ್ದು. ನನಗೆ ಹೆಚ್ಚು ಮಾಡಿ ತೋರಿಸುವ ಹುಚ್ಚು. ಪೂರ್ತಿ ಬಿಚ್ಚಿದೆ. ಕೆಳ ಅಂಚು ನೋಡಿದರೆ ಎರಡು ಕಡೆ ತಗ್ಗು! ಛೇ, ಮೇಷ್ಟ್ರು ಎಷ್ಟು ವರ್ಷದಿಂದ ಇದರಲ್ಲೇ ಬಾರಿಸುತ್ತಿದ್ದಾರೆ ಪಾಪ, ಅಂದುಕೊಂಡೆ. ಚಪ್ಪಟೆ ಕಲ್ಲಿನ ಮೇಲೆ ಸ್ಯಾಂಡ್‌ಪೇಪರ್ ಅಂಟಿಸಿ, ಡ್ರಮ್ಮನ್ನು ಅದರ ಮೇಲೆ ಕವುಚಿ ಹಾಕಿ, ಸುತ್ತ ಸುತ್ತ ತಿರುಗಿಸಿ ಉಜ್ಜಿದೆ. ಒಂದು ಮಧ್ಯಾಹ್ನ ಹಿಡಿಯಿತು. ಕೊನೆಗೆ ಅಂಚು ಕಲ್ಲಿಗೆ ಹೇಗೆ ಕೂತಿತು ಅಂದರೆ ಕೂದಲು ತೂರಲೂ ಜಾಗ ಇರಲಿಲ್ಲ. ಎಷ್ಟು ಖುಷಿಪಟ್ಟೆ ಗೊತ್ತಾ.

ಮೇಷ್ಟ್ರು ಭುಜಕ್ಕೆ ಹಾಕಿಕೊಂಡು ಒಂದು ಉರುಳಿಕೆ ಬಾರಿಸಿದರು. ಡಬ್ ಡಬ್ ಅಂತ ಖಾಲಿ ಡಬ್ಬದ ಸದ್ದು. ತಂತಿ ಬಿಗಿ ಮಾಡಿದರು, ಉಸಿರು ಕಟ್ಟಿದಂತಾಯಿತು. ಸಡಿಲ ಬಿಟ್ಟರು, ಎಲ್ಲೋ ದೂರದಲ್ಲಿ ಕಿರುಗುಟ್ಟಿತು. ಆಮೇಲೆ ಡ್ರಮ್ಮನ್ನು ತಿರುಗಿಸಿ, ಕೆಳಗಿನ ಬಳೆ ಬಿಚ್ಚಿ, ಅಂಚಿನ ಸುತ್ತ ಹೆಬ್ಬೆರಳು ಆಡಿಸಿದರು. ಒಂದು ಸುತ್ತು. ಇನ್ನೊಂದು ಸುತ್ತು. ಆಮೇಲೆ, "ಚೆನ್ನಾಗಿ ಹೊಳೀತಿದೆ ಕಣೋ, ನೀನೇ ಇಟ್ಕೋ" ಅಂದರು.

ಬೈದಿದ್ದರೆ ಆಗಲೇ ಕಾರಣ ಗೊತ್ತಾಗುತ್ತಿತ್ತು. ಬೈಯಲಿಲ್ಲ. ಚರ್ಮ ಹಳೇದು, ಥಂಡಿ ಹಿಡಿದಿದೆ, ಅದಕ್ಕೇ ದನಿ ಬರಲಿಲ್ಲ ಅಂತ ನಾನೇ ಸಮಾಧಾನ ಮಾಡಿಕೊಂಡೆ. ಚರ್ಮಕ್ಕೆ ಥಂಡಿಯಲ್ಲಿ ಸಡಿಲವಾಗುವ ಗುಣ ಇದೆಯಲ್ಲ, ನೆಪಕ್ಕೆ ಸಾಕಾಯಿತು. ವರ್ಷಗಳಾದ ಮೇಲೆ ಬೇರೆ ಯಾರದೋ ಡ್ರಮ್ಮು ಬಿಚ್ಚಿದಾಗ ಅಲ್ಲೂ ಅದೇ ಜಾಗದಲ್ಲಿ ಅದೇ ಎರಡು ತಗ್ಗು ಕಂಡವು. ಆಗ ಕೈಕಾಲು ತಣ್ಣಗಾಯಿತು. ಅಷ್ಟು ಹೊತ್ತಿಗೆ ಮೇಷ್ಟ್ರು ಇರಲಿಲ್ಲ. ಇದನ್ನು ನಿನ್ನ ಅಪ್ಪನಿಗೂ ಹೇಳಿಲ್ಲ, ನಿನ್ನ ಚಿಕ್ಕಮ್ಮನಿಗೂ ಹೇಳಿಲ್ಲ. ನೀನೂ ಹೇಳಬೇಡ. ಅಥವಾ ಹೇಳು, ಈಗೇನಂತೆ.

ಬುದ್ಧಿ ಹೇಳಲು ನನಗೆಷ್ಟು ಹಕ್ಕಿದೆ ಅಂತ ಗೊತ್ತಾಯಿತಲ್ಲ. ಆದರೂ ಕೇಳಿದ್ದೀಯ, ಗೊತ್ತಿರುವಷ್ಟು ಬರೆಯುತ್ತೇನೆ.

ಹೊರಗಿನ ಪಾಲಿಶ್ ತೆಗೆದರೆ ದನಿ ಹೋಗುತ್ತೆ ಅಂತ ಹೆದರಬೇಡ. ಆದರೆ ತೆಗೆಯಲೇಬೇಕಾ ಅಂತ ಮೊದಲು ನೋಡು. ಬಳೆ ಮುಚ್ಚಿಕೊಂಡಿದ್ದ ಜಾಗದಲ್ಲಿ ಒಂದು ಹನಿ ಸ್ಪಿರಿಟ್ ಹಾಕಿ ಬೆರಳಿಟ್ಟು ನೋಡು. ಅಂಟಂಟಾದರೆ ಅದು ಅರಗಿನ ಪಾಲಿಶ್. ಹಾಗಿದ್ದರೆ ಕೆರೆಯುವ ಕೆಲಸವೇ ಇಲ್ಲ, ಕೊಳೆ ಒರೆಸಿ ಮೇಲೆ ಹೊಸ ಅರಗು ಹಚ್ಚಿದರೆ ಹಳೆಯದರ ಜೊತೆ ಕರಗಿ ಒಂದಾಗುತ್ತದೆ. ಸ್ಪಿರಿಟ್‌ಗೆ ಜಗ್ಗದಿದ್ದರೆ ವಾರ್ನಿಶ್ಶೋ ಲ್ಯಾಕರ್ರೋ ಇರಬೇಕು. ಅದನ್ನೂ ಮಷಿನ್ ಹಿಡಿದು ಉಜ್ಜಬೇಡ. ಮೇಲೆ ಅಂಟಿಸಿದ ಮರದ ಹಾಳೆ, ವಿನಿಯರ್, ಕಾಗದದಷ್ಟು ತೆಳ್ಳಗಿರಬಹುದು, ಒಂದು ಕ್ಷಣ ಮೈಮರೆತರೆ ಕೆಳಗಿನ ಮರ ಕಾಣುತ್ತದೆ. ಬಣ್ಣ ಬಳಿದಿದ್ದಾರೆ ಅಂದೆಯಲ್ಲ, ಹಳೇ ಬಣ್ಣದಲ್ಲಿ ಸೀಸ ಇರುವುದುಂಟು. ಒಣಗಿದ್ದನ್ನು ಉಜ್ಜಿ ಧೂಳು ಎಬ್ಬಿಸಬೇಡ. ಇದೆಲ್ಲ ನಿನಗೆ ಗೊತ್ತೇ ಇರುತ್ತೆ. ಸುಮ್ನೆ ಹೇಳಿದೆ.

ಪಾಲಿಶ್ ದನಿಯನ್ನು ಕೆಡಿಸುವ ಜಾಗ ಒಂದಿದೆ. ಅದೂ ಅಂಚೇ, ನೋಡು, ಎಲ್ಲಿ ಹೋದರೂ ಅಲ್ಲಿಗೇ ಬರುತ್ತೇನೆ. ಮೇಲೂ ಕೆಳಗೂ ಅಂಚಿನ ಹತ್ತಿರ ಹೊರಮೈಗೆ ದಪ್ಪ ಪಾಲಿಶ್ ಹಚ್ಚಿದರೆ ಹೊಸ ಹೆಡ್, ಅಂದರೆ ಬಾರಿಸುವ ಹೊದಿಕೆ, ಸಲೀಸಾಗಿ ಇಳಿಯುವುದಿಲ್ಲ, ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಹೆಡ್ ಅಂಗಡಿಗೆ ಬಂದಿದ್ದು 1957ರ ಸುಮಾರಿಗೆ. ಅದಕ್ಕೂ ಹಿಂದಿನ ಶೆಲ್ಲುಗಳು, ಅಂದರೆ ಡ್ರಮ್ಮಿನ ಮರದ ಮೈ, ಒಮ್ಮೊಮ್ಮೆ ಕೂದಲೆಳೆಯಷ್ಟು ದೊಡ್ಡವೇ ಇರುತ್ತವೆ. ಅದರ ಮೇಲೆ ಪಾಲಿಶ್ಶಿನ ದಪ್ಪವೂ ಸೇರಿದರೆ ಮುಗೀತು. ಅಂಚಿನಿಂದ ಎರಡು ಬೆರಳಗಲದಷ್ಟು ಜಾಗದಲ್ಲಿ ಪಾಲಿಶ್ ತೆಳ್ಳಗಿರಲಿ.

ಒಳಗೆ ಏನೂ ಹಚ್ಚಬೇಡ. ಗಾಳಿ ತೂತಿನ ಎದುರಿಗೆ ಒಳಗೋಡೆಯಲ್ಲಿ ಒಮ್ಮೊಮ್ಮೆ ಕಾಗದದ ಚೀಟಿ ಅಂಟಿಸಿರುತ್ತಾರೆ, ಟಾರ್ಚ್ ಹಾಕಿ ನೋಡು. ಒಳಗೋಡೆಗೆ ಅಂಟಿಸಿದ ಮರದ ಪಟ್ಟಿ ಎದ್ದಿದ್ದರೆ ಫೆವಿಕಾಲ್ ಸುರಿಯಬೇಡ. ಅಲ್ಲಿರುವುದು ಚರ್ಮದಿಂದ ಕಾಯಿಸಿದ ಹಳೇ ಅಂಟು ಇರಬೇಕು. ಬಿಸಿನೀರಿಗೆ ಬಿಡುತ್ತದೆ, ಅದನ್ನೇ ಮತ್ತೆ ಕಾಯಿಸಿ ಹಚ್ಚಬಹುದು. ತಪ್ಪಾದರೆ ಬಿಚ್ಚಬಹುದು ಅನ್ನುವುದೇ ಅದರ ದೊಡ್ಡ ಗುಣ. ನನ್ನ ಸ್ಯಾಂಡ್‌ಪೇಪರ್‌ಗೆ ಆ ಗುಣ ಇರಲಿಲ್ಲ.

ಈಗ ನಿನ್ನ ಪ್ರಶ್ನೆಗೇ ಬರುತ್ತೇನೆ. ದನಿ ಹೋಗಿಬಿಟ್ಟರೆ? ಹೋಗುವುದಿಲ್ಲ ಅಂತ ಹೇಗೆ ಹೇಳಲಿ. ಆದರೆ ನೀನು ಹೆದರಿದ್ದೀಯ, ಉಜ್ಜುವ ಮೊದಲೇ ಕಾಗದ ಬರೆದಿದ್ದೀಯ. ನಾನು ಹೆದರಿರಲಿಲ್ಲ. ಹೆದರಿಕೆ ಬಂದಿದ್ದು ಆಮೇಲೆ, ಬೇಡದ ಹೊತ್ತಿಗೆ. ಉಜ್ಜಿ ಹೋದ ತಗ್ಗನ್ನು ಮತ್ತೆ ಕೆತ್ತಬಹುದು ಪುಟ್ಟಿ, ಅರ ಹಿಡಿದು ಮೆಲ್ಲಗೆ. ಬಲ್ಲವರು ಮಾಡುತ್ತಾರೆ. ನಾನೂ ಒಂದು ಒಳ್ಳೆಯ ಅರ ತಂದು ಡ್ರಮ್ಮಿನೊಳಗೇ ಇಟ್ಟಿದ್ದೇನೆ. ಎಷ್ಟೋ ವರ್ಷ ಆಯಿತು. ಹೊರಗೆ ತೆಗೆಯುತ್ತೇನೆ, ಅಂಚಿಗೆ ಹಿಡಿಯುತ್ತೇನೆ, ಮತ್ತೆ ಒಳಗಿಡುತ್ತೇನೆ. ಎಷ್ಟು ಆಳ, ಎಷ್ಟು ಅಗಲ ಅಂತ ಗೊತ್ತಿಲ್ಲವಲ್ಲ. ಅದು ಮೇಷ್ಟ್ರ ಹೆಬ್ಬೆರಳಿಗೆ ಗೊತ್ತಿತ್ತು.

ನಿನ್ನದೂ 14 ಇಂಚಿನದೇ ಅಂತ ಬರೆದಿದ್ದೀಯ. ಒಂದು ಕೆಲಸ ಮಾಡಿಕೊಡು. ಬಳೆ, ಚರ್ಮ ಎರಡೂ ತೆಗೆದ ಮೇಲೆ ಆ ತಗ್ಗಿಗೆ ಒಂದು ಗಟ್ಟಿ ಕಾಗದ ಒತ್ತಿ ಹಿಡಿದು, ಅಂಚು ಹೇಗೆ ಇಳಿದು ಏರುತ್ತದೋ ಹಾಗೇ ಪೆನ್ಸಿಲ್‌ನಲ್ಲಿ ಗೆರೆ ಎಳಿ. ಎರಡು ಕಡೆಯದೂ ಬೇಕು. ಮಡಚದೆ ಕಳಿಸು.

ನಿನ್ನ ಚಿಕ್ಕಪ್ಪ

ತಾ.ಕ.: ಲಕೋಟೆ ಅಂಟಿಸುವಾಗ ನೆನಪಾಯಿತು. ಅಗಸೆ ಎಣ್ಣೆ ಏನಾದರೂ ಹಚ್ಚಿದರೆ, ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡ. ತಾನಾಗೇ ಕಾವು ಏರಿ ಬೆಂಕಿ ಹತ್ತುತ್ತದೆ. ಬಯಲಲ್ಲಿ ಒಂದೊಂದಾಗಿ ಹರವಿ ಒಣಗಿಸು. ಇದನ್ನು ಮೊದಲೇ ಬರೆಯಬೇಕಿತ್ತು.