ಚಿಟ್ಟೆ ಬೇಕು, ಹುಳು ಬೇಡವೇ?

ಮಾನ್ಯ ಸಂಪಾದಕರೇ,

ಚಿಟ್ಟೆಗಳು ಬರಲೆಂದು ಕೈತೋಟದಲ್ಲಿ ಹೂಗಿಡಗಳನ್ನು ನೆಡುವವರೇ, ಎಲೆಯಲ್ಲೊಂದು ತೂತು ಕಂಡೊಡನೆ ಕೀಟನಾಶಕ ಸಿಂಪಡಿಸಲು ಮುಂದಾಗುತ್ತಾರೆ. ಆ ತೂತು ಮಾಡಿದ ಹುಳುವೇ ನಾಳಿನ ಚಿಟ್ಟೆಯಾಗಿರಬಹುದೆಂಬುದು ಅವರಿಗೆ ಹೊಳೆದಂತಿಲ್ಲ. ಬೆಳೆದ ಚಿಟ್ಟೆಗೆ ಹೂವಿನ ಮಕರಂದ ಸಾಕು. ಆದರೆ ಅದರ ಮರಿಹುಳು ತನ್ನ ಜಾತಿಗೆ ಒಗ್ಗುವ ಕೆಲವೇ ಗಿಡಗಳ ಎಲೆಯನ್ನು ತಿನ್ನುವುದರಿಂದ, ಹೆಣ್ಣು ಚಿಟ್ಟೆ ಮುಂಗಾಲುಗಳಿಂದ ಎಲೆಯನ್ನು ತಟ್ಟಿ, ಕಾಲಿನಿಂದಲೇ ರುಚಿ ನೋಡಿ, ಖಾತ್ರಿಯಾದ ಮೇಲೆ ಮೊಟ್ಟೆಯಿಡುತ್ತದೆ.

ನಮ್ಮ ನಿಂಬೆ ಗಿಡದ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯೆಂದು ಭಾವಿಸಿ ನಾನು ಒರೆಸಲು ಹೋದದ್ದು ಇಂಥದೇ ಒಂದು ಹುಳುವನ್ನು. ಕೆಲವು ದಿನಗಳಲ್ಲಿ ಎಲೆಯಷ್ಟೇ ಹಸಿರಾದ ಅದನ್ನು ಕಡ್ಡಿಯಿಂದ ಮುಟ್ಟಿದಾಗ (ಕೀಟಲೆ ನನ್ನದೇ) ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬೊಂದನ್ನು ಚಾಚಿ ಘಾಟು ಬೀರಿತು. ಗಿಡವೇನೂ ಸಾಯಲಿಲ್ಲ, ಮತ್ತೆ ಚಿಗುರಿತು.

ನಿಂಬೆ, ಕರಿಬೇವು, ಎಕ್ಕದಂತಹ ಒಂದೆರಡು ಗಿಡಗಳನ್ನು ಹುಳುಗಳಿಗೆಂದೇ ಬಿಟ್ಟು, ಗಾಳಿಯ ಹೊಡೆತವಿಲ್ಲದ ಬಿಸಿಲು ಮೂಲೆಯಲ್ಲಿ ಒಂದಿಷ್ಟು ಮಣ್ಣನ್ನು ತೇವವಾಗಿಟ್ಟರೆ, ಲವಣ ಹೀರಲು ಗಂಡು ಚಿಟ್ಟೆಗಳೂ ಅಲ್ಲಿಗೆ ಇಳಿಯುತ್ತವೆ. ನರ್ಸರಿಯಿಂದ ಗಿಡ ತರುವಾಗ ಅದಕ್ಕೆ ಮೊದಲೇ ಔಷಧ ಹೊಡೆದಿದ್ದಾರೆಯೇ ಎಂದು ಕೇಳಿಕೊಳ್ಳುವುದು ಅಗತ್ಯ. ನಿರಪಾಯಕಾರಿ ಎಂದು ನಾವು ನಂಬಿರುವ ಬೇವಿನೆಣ್ಣೆಯೂ ಮರಿಹುಳುಗಳನ್ನು ಕೊಲ್ಲಬಲ್ಲದು.

– ಓರ್ವ ಓದುಗ